ಕೌದಿಯ ಹೊಟ್ಟೆಯೊಳಗೆ

ಮೊನ್ನೆ ನಮ್ಮ ಮನೆಗೆ ಬೀಗರು ಬಂದಿದ್ದರು. ಊಟವಾಯಿತು, ಎಲೆ ಅಡಿಕೆಯಾಯಿತು, "ಸ್ವಲ್ಪ ಅಡ್ಡಾಗತೇನ್ರಿ" ಎಂದರು. ನಮ್ಮ ಮನೆಯಲ್ಲಿ ಬೀಗರ ಮುಂದೆ ಹಾಸಬಹುದಾದ ಚೆಂದದ ವಸ್ತು ಒಂದೇ, ನನ್ನ ಕೌದಿ. ಅದನ್ನೇ ಹಾಸಿಕೊಟ್ಟೆ. ಬೀಗರು ಕಣ್ಣು ಮುಚ್ಚಿದರೋ ಇಲ್ಲವೋ, ಎದ್ದು ಕೂತರು. ಕೌದಿಯ ಮೂಲೆಯೊಂದನ್ನು ಹಿಡಿದು ಹಿಚುಕಿ ನೋಡಿದರು.

"ಇದೇನ್ರೀ ಮೂಲ್ಯಾಗ ಗಟ್ಟಿ? ಗುಂಡಿ ಗಿಂಡಿ ಸಿಕ್ಕೊಂಡೈತೇನು? ಬಿಚ್ಚಿ ತಗೀಲೇನು?"

ಒಳಗೆ ಪಾತ್ರೆ ತಿಕ್ಕುತ್ತಿದ್ದ ನನ್ನ ಹೆಂಡತಿ ಶಾಂತಾ ಬೂದಿಗೈಯಲ್ಲೇ ಓಡಿಬಂದಳು.

"ಅಯ್ಯ, ಬಿಚ್ಚಬ್ಯಾಡ್ರೀ ಅಣ್ಣಾರ! ಅದು ಇವರ ಔಷಧ."

"ಔಷಧ ಕೌದ್ಯಾಗ ಹೊಲೀತಾರೇನ್ರಿ ನಿಮ್ಮ ಕಡೆ?" ಎಂದು ಬೀಗರು ನನ್ನ ಮುಖ ನೋಡಿದರು. ಚಹಾ ತರಿಸಿ ಮಾತು ಬದಲಿಸಿದೆ. ಮಗಳನ್ನು ಕೊಟ್ಟ ಮನೆಯವರ ಎದುರು ತನ್ನ ಮರ್ಯಾದೆಯನ್ನು ತಾನೇ ಬಿಚ್ಚಿ ತೋರಿಸುವಷ್ಟು ಧೈರ್ಯ ಯಾವ ತಂದೆಗಿದೆ? ನಿಮ್ಮ ಎದುರು ಆ ತೊಂದರೆ ಇಲ್ಲ. ನೀವು ನನ್ನ ಮುಖ ನೋಡಿಲ್ಲ. ಬೀಗರಿಗೆ ಹೇಳದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಹೇಳಿಬಿಡುತ್ತೇನೆ.

ಮೊದಲಿಗೆ ಕೌದಿಯ ವಿಚಾರ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಹೊಲಿದದ್ದೇ ಕೌದಿ ಎಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಎಲ್ಲಿಂದ ಹೊಲಿಯಲು ಶುರುಮಾಡುತ್ತಾರೆ ಎಂದು ಎಷ್ಟು ಜನ ನೋಡಿದ್ದಾರೋ! ನಮ್ಮ ಮನೆಯ ಪದ್ಧತಿಯಲ್ಲಿ ಅಂಚಿನಿಂದ ಶುರು. ಹೊರ ಅಂಚು ಹಿಡಿದು ನಾಲ್ಕೂ ದಿಕ್ಕು ಸುತ್ತಬೇಕು. ಒಂದು ಸುತ್ತಾದ ಮೇಲೆ ಅದಕ್ಕೆ ಹತ್ತಿಕೊಂಡು ಒಳಗಿನ ಸುತ್ತು. ಹಾಗೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ ನಡುವಿಗೆ ಬಂದು ಸೂಜಿ ನಿಲ್ಲಬೇಕು. ಅದಾದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ಬಟ್ಟೆಯಿಟ್ಟು, ಅದರೊಳಗೆ ಒಣರೊಟ್ಟಿಯ ಚೂರನ್ನೋ ಒಂದು ಚಿಟಿಕೆ ಜೋಳವನ್ನೋ ಸೇರಿಸಿ ಹೊಲಿದುಬಿಡುವುದು. ಅದು ಕೌದಿಯ ಹೊಟ್ಟೆ. ಹೊಟ್ಟೆ ಖಾಲಿ ಇರುವ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಚಿಕ್ಕವನಿದ್ದಾಗ ಇದನ್ನು ಪೂರ್ತಿ ನಂಬಿದ್ದೆ. ಸಾಲೆಯಲ್ಲಿ ನನಗೆ ಹಗಲು ನಿದ್ದೆ ಬರುತ್ತಿದ್ದುದಕ್ಕೆ ಕೌದಿಯೇ ಕಾರಣ, ರಾತ್ರಿ ನನ್ನ ನಿದ್ದೆಯನ್ನು ಅದೇ ತಿಂದಿದೆ ಎಂದು ಮಾಸ್ತರರಿಗೆ ಹೇಳಿ ಎರಡು ಛಡಿ ಏಟು ಹೆಚ್ಚಿಗೆ ತಿಂದಿದ್ದೇನೆ.

ಖಾನಾಪುರದ ನಮ್ಮ ಓಣಿಯಲ್ಲಿ ಕೌದಿ ಎಂದರೆ ನೀಲಕ್ಕ. ನೀಲಕ್ಕ ನನ್ನ ಅಕ್ಕ. ಅವ್ವ ಮೂಲೆ ಹಿಡಿದ ಮೇಲೆ, ಮದುವೆಯಾದರೂ ತವರುಮನೆಯಲ್ಲೇ ಉಳಿದು ನನ್ನನ್ನು ಸಾಕಿದವಳು ಅವಳೇ. ಪಡಸಾಲೆಯಲ್ಲಿ ಬಟ್ಟೆ ಹಾಸಿ, ಜಾರದಂತೆ ಒಂದು ಮೂಲೆಯ ಮೇಲೆ ಒಳಕಲ್ಲಿನ ಗುಂಡು, ಇನ್ನೊಂದು ಮೂಲೆಯ ಮೇಲೆ ನನ್ನನ್ನು ಇಡುತ್ತಿದ್ದಳು. ನಾನು ಅಲುಗಾಡಿದರೆ ಸೂಜಿಯ ಹಿಂಬದಿಯಿಂದ ತೊಡೆಗೆ ಚುಚ್ಚಿ, "ಗುಂಡು ನೋಡಲೇ ಕಲ್ಯಾ, ಎಷ್ಟು ಶಾಣ್ಯಾ ಐತಿ. ಅದಕ್ಕಿಂತ ದಡ್ಡ ನೀ" ಅನ್ನುತ್ತಿದ್ದಳು. ಆ ಗುಂಡು ಈಗಲೂ ಅವಳ ಮನೆಯಲ್ಲಿದೆ. ಈಗಲೂ ನನಗಿಂತ ಶಾಣ್ಯಾ ಇದೆ ಎಂಬುದನ್ನು ಮುಂದೆ ನೀವೇ ಒಪ್ಪುತ್ತೀರಿ.

ನಾನು ನಾಲ್ಕನೆಯ ಇಯತ್ತೆ ದಾಟಲಿಲ್ಲ. ಆದರೂ ನನ್ನ ಬರಹವನ್ನು ಓದಿದಷ್ಟು ಜನ ದೊಡ್ಡ ದೊಡ್ಡ ಸಾಹಿತಿಗಳನ್ನು ಓದಿರಲಿಕ್ಕಿಲ್ಲ. ಏಕೆಂದರೆ ನಾನು ಬರೆದದ್ದು ಲಾರಿಗಳ ಹಿಂದೆ. ಬೆಳಗಾವಿಯ ಆಟೋ ನಗರದಲ್ಲಿ ಲಾರಿಗೆ ಬಣ್ಣ ಹೊಡೆಯುವ, ಅಕ್ಷರ ಬರೆಯುವ ಪೇಂಟರ್ ನಾನು. ಕನ್ನಡದಲ್ಲೂ ಬರೆದೆ, ಮರಾಠಿಯಲ್ಲೂ ಬರೆದೆ. ಇಂಗ್ಲಿಷಿನಲ್ಲಿ ಹಾರ್ನ್ ಹೊಡೆಯಿರಿ ಎಂದು ಬರೆದೆ. ಅಕ್ಷರ ಕಲಿಸಿದ್ದು ಸಾಲೆಯಲ್ಲ, ಬ್ರಶ್ಶು. ತಲೆಕಟ್ಟು, ಕೊಂಬು, ಒತ್ತು, ಒಂದೊಂದನ್ನೂ ಮೊಳದುದ್ದ ಬರೆದರೆ ಯಾವ ದಡ್ಡನಿಗೂ ಬರುತ್ತದೆ.

ಹೀಗಿದ್ದಾಗ, ಎರಡು ಸಾವಿರದ ಇಸವಿಯ ಆಚೀಚೆ ಎಂದಿಟ್ಟುಕೊಳ್ಳಿ, ಒಂದು ಲಾರಿಯ ಹಿಂಬದಿಗೆ ಬಳ್ಳಿಯ ಅಂಚು ಬರೆದು ಮುಗಿಸಿ ಬೀಡಿ ಹಚ್ಚಿ ಕೂತೆ. ನಮ್ಮ ಮಾಲೀಕರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಕಲ್ಲಪ್ಪ, ಬಳ್ಳಿ ಬಲಕ ಯಾಕ ಹೋಗಿಲ್ಲ? ಅಲ್ಲಿ ನೀರು ಬಿಟ್ಟಿಲ್ಲೇನು?"

ನೋಡಿದರೆ, ಬಲಗಡೆ ಕೆಳಗೆ ಒಂದು ಗೇಣಿನಷ್ಟು ಜಾಗ ಬಣ್ಣ ತಾಗದೆ ಕೋರಾ ಉಳಿದಿತ್ತು. ತಲೆ ತಿರುಗಿಸಿ ನೋಡಿದಾಗ ಕಂಡಿತು. ಬರೆಯುವಾಗ ಅಲ್ಲಿ ಜಾಗವೇ ಇರಲಿಲ್ಲ! ಇಲ್ಲದ ಜಾಗವನ್ನು ಬಿಟ್ಟೆ ಎಂದು ಯಾರಿಗೆ ಹೇಳುವುದು? ನಗುತ್ತಾ ತುಂಬಿಸಿದೆ. ಮಾರನೆಯ ದಿನ ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರಬಾಯಿ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಮೋತಿಬಿಂದು ಏನ್ರಿ?" ಎಂದೆ. ನಮ್ಮ ಓಣಿಯ ಮುದುಕರಿಗೆಲ್ಲ ಆಗುವುದು ಅದೇ ಕಣ್ಣಿನ ಪೊರೆ, ಆಪರೇಶನ್ ಮಾಡಿ ಹಸಿರು ಪಟ್ಟಿ ಕಟ್ಟುತ್ತಾರೆ, ಮುಗಿಯಿತು. "ಅಲ್ಲ, ಇದು ಕಾಚಬಿಂದು. ಗ್ಲಾಕೋಮಾ ಅಂತೀವಿ. ಕಣ್ಣೊಳಗ ಒತ್ತಡ ಹೆಚ್ಚಾಗಿ ಹಿಂದಿನ ನರ ಸಾಯ್ತಾವ. ನೋವಿಲ್ಲ, ಕೆಂಪಿಲ್ಲ. ಹೋದ ನೋಟ ಹೊಳ್ಳಿ ಬರೂದಿಲ್ಲ. ಇದ್ದದ್ದು ಉಳಿಸಾಕ ದಿನಾ ಹನಿ ಹಾಕ್ಕೋಬೇಕು" ಎಂದರು. ಹಳದಿ ಬೂಚಿನ ಪುಟ್ಟ ಬಾಟಲಿ ಬರೆದುಕೊಟ್ಟರು. ನಾನು ಏಳುವಾಗ ಮತ್ತೊಂದು ಮಾತು ಹೇಳಿದರು.

"ಒಡಹುಟ್ಟಿದವರು ಇದ್ರ ಕರಕೊಂಡ ಬರ್ರಿ. ಇದು ರಕ್ತದಾಗ ಹರೀತೈತಿ."

"ಹೂನ್ರೀ" ಎಂದೆ.

ಆ ಹೂಂ ಎಂಬುದು ಬಾಯಿಂದ ಹೊರಗೆ ಬಂದು ಅಲ್ಲೇ ಬಿದ್ದುಹೋಯಿತು. ಅಕ್ಕನಿಗೆ ಹೇಳಿದರೆ ಅವಳು ಓಣಿಗೆ ಹೇಳುತ್ತಾಳೆ, ಓಣಿಯ ಹುಡುಗರು ಆಟೋ ನಗರಕ್ಕೆ ಕೆಲಸಕ್ಕೆ ಬರುತ್ತಾರೆ, ಕುರುಡಾಗುವ ಪೇಂಟರ್‌ನ ಕೈಗೆ ಲಾರಿ ಕೊಡುವವರು ಯಾರು? ಇದು ನಾನು ಆಗ ಮಾಡಿದ ಲೆಕ್ಕ. ಮನೆಯಲ್ಲಿ ಶಾಂತಾಳಿಗೆ, "ಥಿನ್ನರ್ ಘಾಟು ಕಣ್ಣಿಗೆ ಬಡೀತೈತಿ, ಅದಕ್ಕ ಹನಿ" ಎಂದೆ. ಮುಂದಿನ ಸಲ ಹೋದಾಗ ಡಾಕ್ಟರಬಾಯಿ ಮರೆಯದೆ ಕೇಳಿದರು. "ಒಡಹುಟ್ಟಿದವರು ಬಂದಿಲ್ಲಲ್ಲ?"

ಬೈಸಿಕೊಳ್ಳುವ ಹೆದರಿಕೆಗೆ ನಾನು ಹೇಳಿದ್ದು ಇದು. "ನನಗ ಯಾರೂ ಇಲ್ರೀ."

"ಅಕ್ಕ ತಂಗೇರು?"

"ಇಲ್ರೀ."

ಮಗ್ಗುಲಿಗೆ ಕೂರಿಸಿಕೊಂಡು ಉಣ್ಣಿಸಿದವಳನ್ನು ಎರಡೇ ಅಕ್ಷರದಲ್ಲಿ ಅಳಿಸಿದೆ. ಪೇಂಟರ್‌ನ ಕೈಗೆ ಅಳಿಸುವುದು ಬರೆಯುವುದಕ್ಕಿಂತ ಸಲೀಸು.

ಆಮೇಲೆ ಎಷ್ಟೋ ದಿನ ಖಾನಾಪುರದ ಕಡೆ ಮುಖ ಹಾಕಲಿಲ್ಲ. ಅಕ್ಕನ ಮಗ ಮಹಾಂತೇಶ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಶೋಭಾಳಿಗೆ ದಿನ ತುಂಬುತ್ತಾ ಬಂದಿದೆ, ಚೊಚ್ಚಲು, ತವರಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇಲ್ಲೇ ಎಂದು ಸುದ್ದಿ ಬಂತು. ಹೋಗದಿದ್ದರೆ ಆಗುವುದಿಲ್ಲ. ಹೋದೆ. ಅಕ್ಕ ಪಡಸಾಲೆಯಲ್ಲಿ ಕೂಸಿನ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ನಾನು ಅವಳ ಎಡಬದಿಗೆ ನಿಂತು, "ಅಕ್ಕಾ" ಎಂದೆ. ತಿರುಗಲಿಲ್ಲ. "ಅಕ್ಕಾ!" ಎಂದೆ. ಎದುರಿನ ಗೋಡೆಯ ಕಡೆ ನೋಡಿ, "ಯಾರವಾ?" ಎಂದಳು.

ಇದೇ ಪಡಸಾಲೆ, ಇದೇ ಗೋಡೆ. ಪಾಟಿ ಹಿಡಿದುಕೊಂಡು ಸಾಲೆಯಿಂದ ಬಂದು ಅವ್ವನ ಬಾಜೂಕ್ಕೆ ನಿಂತು ಕೂಗುತ್ತಿದ್ದೆ. ಅವ್ವ ಹೀಗೆಯೇ ಎದುರು ನೋಡುತ್ತಾ "ಯಾರು?" ಅನ್ನುತ್ತಿದ್ದಳು. ಅವ್ವ ನನ್ನನ್ನು ಮರೆತಳು ಎಂದು ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಅರಳುಮರಳು ಎಂದು ಊರವರು ಹೇಳಿದರು. ಕೊನೆಕೊನೆಗೆ ಅವ್ವನಿಗೆ ಎಲ್ಲವೂ ಮರೆಯಿತು, ಅದು ಖರೆ. ಕೈ ಹಿಡಿದು ಮುಂದೆ ಕೂತರೂ ಕಲ್ಯಾ ಯಾರೆಂದು ಕೇಳಿದಳು. ಆದರೆ ಮೊದಮೊದಲು? ಆಗ ಅವಳು ನಿಜಕ್ಕೂ ಮರೆತಿದ್ದಳೋ, ನಾನೇ ಕಾಣದ ಬದಿಗೆ ನಿಂತಿದ್ದೆನೋ?

ಶೋಭಾ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದಳು.

"ಮಾವಾರ, ಅತ್ತಿಯವರ ತಲಿ ಸರಿ ಇಲ್ರಿ. ತಾಟಿನ್ಯಾಗ ಎಡಕ ಪಲ್ಲೆ ಹಾಕಿದ್ರ ಪಲ್ಲೇನ ಹಾಕಿಲ್ಲ ಅಂತಾರ. ಹೊಸ್ತಿಲಾ ಎಡವತಾರ. ಮನ್ನಿ ಬಾಜೂಮನಿ ಪಾರೂಬಾಯಿ ಮಾತಾಡ್ಸಿದ್ರ ಹಂಗ ದಾಟಿ ಹೋದ್ರಂತ, ಅಕಿ ಸಿಟ್ಟಾಗ್ಯಾಳ. ಈ ಕೌದಿ ನೋಡ್ರಿ, ಈ ಬಾಜು ಹೊಲದ ಇಲ್ಲ. ಕೇಳಿದ್ರ ಹೊಲದೇನಿ ಅಂತಾರ!"

ಕೌದಿಯ ಎಡ ಅಂಚು ಒಂದು ಗೇಣಿನಷ್ಟು ಅಗಲ ಬಾಯಿಬಿಟ್ಟುಕೊಂಡಿತ್ತು.

"ನನಗ ಅಂಜಿಕಿ ಬರತೈತ್ರಿ ಮಾವಾರ. ಸೂಜಿ ಎಲ್ಲೆಂದರಲ್ಲಿ ಬಿಡತಾರ. ನಾಳೆ ಕೂಸು ಹುಟ್ಟಿದ ಮ್ಯಾಲ ಇವರ ಕೈಯಾಗ ಹೆಂಗ ಕೊಡ್ಲಿ? ನಮ್ಮ ಮನಿಯವರೂ ಅದನ್ನ ಅಂದಾರ, ಕೂಸು ಅವ್ವನ ಕೈಗೆ ಬ್ಯಾಡ ಅಂತ."

ಶೋಭಾಳದು ತಪ್ಪಿಲ್ಲ. ಕೂಸಿನ ತಾಯಿ ಹೆದರಬೇಕಾದದ್ದೇ. ಹೆದರದೆ ಬಾಯಿ ಬಿಡಬೇಕಾಗಿದ್ದವನು ನಾನು. ಅಂಗಿಯ ಕಿಸೆಯಲ್ಲಿ ಹಳದಿ ಬೂಚಿನ ಬಾಟಲಿ ಇಟ್ಟುಕೊಂಡು ನಾನು ಹೇಳಿದ್ದೇನು ಗೊತ್ತೇ? "ನಮ್ಮವ್ವಗೂ ಹಿಂಗ ಆಗಿತ್ತವಾ. ನಮ್ಮ ಮನಿತನಾನ ಹಂಗ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅತ್ತೆಯ ಕೈಯಿಂದ ಸೂಜಿ ಇಸಿದುಕೊಳ್ಳಲು ಶೋಭಾಳಿಗೆ ಧೈರ್ಯವಿರಲಿಲ್ಲ, ನನ್ನನ್ನು ಕೇಳಿದಳು. ನಾನು ಅಕ್ಕನ ಮುಂದೆ ಕೂತು, "ಅಕ್ಕಾ, ಸಾಕಿನ್ನ. ಸೂಜಿ ಡಬ್ಬಿ ಕೊಡು" ಎಂದೆ. ಅಕ್ಕ ನನ್ನ ಮುಖವನ್ನು ನೆಟ್ಟಗೆ ನೋಡಿದಳು. ಎದುರು ಕೂತರೆ ಅವಳ ಕಣ್ಣು ಎಷ್ಟು ಚೂಪಾಗಿತ್ತು!

"ಎಲ್ಲಾರೂ ಹೇಳಾಕತ್ತಾರ, ನನಗ ಅವ್ವನ ರೋಗ ಬಂದೈತಿ ಅಂತ. ನಾ ನಂಬಿದ್ದಿಲ್ಲ. ಈಗ ನೀನೂ ಅಂದ್ಮ್ಯಾಲ ಖರೇನ ಇರಬೇಕು. ನೀ ನನಗ ಸುಳ್ಳು ಹೇಳೂ ಪೈಕಿ ಅಲ್ಲ."

ಎಂದು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು.

ಹಿತ್ತಲಿಗೆ ಹೋಗಿ ತೆಂಗಿನ ಗಿಡದ ಮರೆಯಲ್ಲಿ ಕದ್ದು ಹನಿ ಹಾಕಿಕೊಂಡೆ. ಅವಸರದಲ್ಲಿ ಬೂಚು ಕೈಜಾರಿ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅರಿವೆಯ ಚೂರು ತುರುಕಿ ಬಾಟಲಿಯನ್ನು ಕಿಸೆಗೆ ಹಾಕಿ, ಸೂಜಿ ಡಬ್ಬಿಯನ್ನು ಚೀಲಕ್ಕೆ ಹಾಕಿ, ಬಸ್ಸು ಹಿಡಿದೆ.

ಖಾನಾಪುರದ ಬಸ್ಸಿನಲ್ಲಿ ಒಂದು ಸುಖವುಂಟು, ಯಾರೂ ಯಾರನ್ನೂ ಸುಮ್ಮನೆ ಕೂರಗೊಡುವುದಿಲ್ಲ. ಬಾಜೂದಲ್ಲಿ ಮೊಸರಿನ ಗಡಿಗೆ ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೊಣಕೈಯಿಂದ ತಿವಿದು, "ಕಾಕಾ, ಎದಿ ಮ್ಯಾಲ ಅಂಗಿ ತೊಯ್ದೈತಿ ನೋಡ್ರಿ. ಕಣ್ಣೀರು ಅಲ್ಲಿ ತನಕ ಹರದಾವೇನು?" ಎಂದಳು. ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅಂಗಿ ತೊಯ್ಯಿಸಿದ್ದು ಕಣ್ಣೀರಲ್ಲ, ಬಾಟಲಿ ಸೋರಿತ್ತು. ನನ್ನ ಕಣ್ಣು ಉಳಿಸಬೇಕಾದ ಔಷಧ ಎದೆಯ ಮೇಲೆ ಹರಿಯುತ್ತಿತ್ತು, ಅಕ್ಕನ ಸೂಜಿ ಡಬ್ಬಿ ತೊಡೆಯ ಮೇಲೆ ಗಲಗಲ ಎನ್ನುತ್ತಿತ್ತು. ಆಗ ಇದ್ದಕ್ಕಿದ್ದಂತೆ ಎರಡೂ ಕಣ್ಣಮುಂದೆ ನಿಂತವು: ನನ್ನ ಲಾರಿಯ ಬಲಗಡೆಯ ಕೋರಾ ಜಾಗ, ಅವಳ ಕೌದಿಯ ಎಡಗಡೆಯ ಬಾಯಿಬಿಟ್ಟ ಅಂಚು. ಒಂದೇ ಕೈಯ ಕೆಲಸ. ಇದನ್ನು ಕಾಣಲು ಡಾಕ್ಟರಕಿ ಓದಬೇಕಿರಲಿಲ್ಲ. ಪಡಸಾಲೆಯಲ್ಲೇ ಕಂಡಿತ್ತು, ಕಂಡರೂ ತಲೆ ತಿರುಗಿಸಿಕೊಂಡಿದ್ದೆ.

ಬಸ್ಸು ಮಚ್ಛೆಯಲ್ಲಿ ನಿಂತಿತು. ಇಳಿದೆ. "ಕಾಕಾ, ಬೆಳಗಾವಿ ಇನ್ನೂ ಬಂದಿಲ್ಲ!" ಎಂದು ಗಡಿಗೆಯವಳು ಕಿಟಕಿಯಿಂದ ಕೂಗಿದಳು. ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದೆ. ಅದು ನನ್ನ ಬಾಳಿನಲ್ಲಿ ನಾನು ಮಾಡಿದ ಶಾಣ್ಯಾ ಕೆಲಸಗಳಲ್ಲಿ ಮೊದಲನೆಯದು. ಎರಡನೆಯದು ಇನ್ನೂ ಆಗಬೇಕಾಗಿದೆ.

ಅಕ್ಕನ ಕೈಯಲ್ಲಿ ಡಬ್ಬಿ ಇಟ್ಟೆ. "ಯಾಕೋ, ಹೊಳ್ಳಿ ಬಂದಿ?" ಎಂದಳು. "ನಾಳೆ ಬೆಳಗಾವಿಗೆ ನಡಿ, ಕಣ್ಣು ತೋರಿಸೂಣು" ಎಂದೆ. ಶೋಭಾ, "ಕಣ್ಣಿಂದಲ್ಲ ಮಾವಾರ, ತಲೀದು" ಎಂದಳು. "ಮೊದಲ ಕಣ್ಣು ನೋಡೂಣವಾ. ತಲಿ ಎಲ್ಲಿ ಹೊಕ್ಕೈತಿ" ಎಂದೆ. ಆದರೆ ನನ್ನ ಬಾಟಲಿಯ ಸುದ್ದಿ ಮಾತ್ರ ಎತ್ತಲಿಲ್ಲ. ಅರ್ಧ ಖರೆ ಹೇಳುವುದಕ್ಕೇ ಅಷ್ಟು ದಮ್ಮು ಬೇಕಾಗಿತ್ತು.

ಮಾರನೆಯ ದಿನ ಡಾಕ್ಟರಬಾಯಿಯ ಕೋಣೆಗೆ ಕಾಲಿಟ್ಟೆವು.

"ಬರ್ರಿ ಕಲ್ಲಪ್ಪ, ಕುಂದರ್ರಿ. ಇವರ್ಯಾರು?"

ಅಕ್ಕನೇ ಹೇಳಿದಳು. "ನಾ ಇವನ ಅಕ್ಕ ರೀ."

ಡಾಕ್ಟರಬಾಯಿಯ ಪೆನ್ನು ನಿಂತಿತು. "ಅಕ್ಕಾ? ಹೋದ ಸಲ ಅಕ್ಕ ಇಲ್ಲ ಅಂದಿದ್ರಲ್ರಿ ನೀವು?"

ನಾನು ನೆಲ ನೋಡಿದೆ. ನೆಲದಲ್ಲಿ ಬಿರುಕಿದ್ದರೆ ಇಳಿದುಬಿಡುತ್ತಿದ್ದೆ. ಅಕ್ಕ ಕತ್ತನ್ನು ಪೂರ್ತಿ ನನ್ನ ಕಡೆ ಹೊರಳಿಸಿ ಒಂದು ಕ್ಷಣ ನೋಡಿ, ಡಾಕ್ಟರಬಾಯಿಯ ಕಡೆ ತಿರುಗಿ ಹೇಳಿದಳು:

"ಆವಾಗ ಇರಲಿಲ್ರಿ. ನಿನ್ನಿ ಸಂಜಿಕ ಹುಟ್ಟೇನಿ."

ಡಾಕ್ಟರಬಾಯಿ ನಕ್ಕುಬಿಟ್ಟರು. ನಾನು ಮಾತ್ರ ನಗಲಿಲ್ಲ. ಮನೆಯವರು ಅರಳುಮರಳು ಅನ್ನುತ್ತಾರೆ ಎಂದು ಮೆಲ್ಲಗೆ ಹೇಳಿದೆ. "ಹಂಗಾರ ಅದನ್ನೂ ನೋಡೂಣು" ಎಂದು ಅವರು ಅಕ್ಕನನ್ನು ಕೇಳತೊಡಗಿದರು.

"ಇವತ್ತ ಯಾವ ವಾರ, ಅವ್ವಾರ?"

"ಖಾನಾಪುರದಾಗ ಬುಧವಾರ ರೀ. ನಿಮ್ಮ ಬೆಳಗಾವ್ಯಾಗ ಬ್ಯಾರೆ ಇದ್ರ ಗೊತ್ತಿಲ್ಲ."

"ಮೂರು ಮಾತು ಹೇಳತೇನಿ, ನೆನಪಿಟಗೋರಿ. ಕೊಡ, ಗುಲಾಬಿ, ಎತ್ತು. ಆಮ್ಯಾಲ ಕೇಳತೇನಿ."

ಅಕ್ಕನನ್ನು ಒಳಗೆ ಕತ್ತಲೆಯ ಯಂತ್ರದ ಮುಂದೆ ಕೂರಿಸಿದರು. ದೊಡ್ಡ ಬಟ್ಟಲಿನಂಥದ್ದು, ಅದರಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡಾಗೆಲ್ಲ ಕೈಯಲ್ಲಿಯ ಗುಂಡಿ ಒತ್ತಬೇಕು. ನಾನು ಹೊರಗೆ ಬೆಂಚಿನ ಮೇಲೆ ಕೂತು ಆ ಮೂರು ಮಾತನ್ನು ಬಾಯಿಪಾಠ ಮಾಡುತ್ತಿದ್ದೆ, ಬೇಕಾದರೆ ಅಕ್ಕನಿಗೆ ಉಸುರೋಣ ಎಂದು. ಸಾಲೆಯಲ್ಲಿ ಮಾಡದ ಅಭ್ಯಾಸ ಅಲ್ಲಿ ಮಾಡಿದೆ. ಅಕ್ಕ ಹೊರಬಂದಾಗ ನನ್ನ ತಲೆಯಲ್ಲಿ ಕೊಡ ಇತ್ತು, ಎತ್ತು ಇತ್ತು, ನಡುವಿನದು ಹಾರಿಹೋಗಿತ್ತು!

"ಹೇಳ್ರಿ ಅವ್ವಾರ, ಆ ಮೂರು ಯಾವು?"

"ಕೊಡ, ಗುಲಾಬಿ, ಎತ್ತು. ಕೊಡ ತುಂಬಿದ್ದೊ ಖಾಲೀದೊ ನೀವು ಹೇಳಲಿಲ್ರಿ."

ನನಗೆ ಎದ್ದು ನಿಂತು ಸೀಟಿ ಹೊಡೆಯಬೇಕೆನಿಸಿತು. ಡಾಕ್ಟರಬಾಯಿ ನನ್ನ ಕಡೆ ನೋಡಿ, "ನಿಮ್ಮ ಅಕ್ಕನ ತಲಿ ಗಟ್ಟಿ ಐತ್ರಿ. ಕೆಟ್ಟದ್ದು ಕಣ್ಣು. ಎಡಗಣ್ಣು ಅಂಚೆಲ್ಲಾ ಕಳಕೊಂಡೈತಿ. ಬಲಗಣ್ಣಿನ ನಡು ಛಲೋ ಉಳದೈತಿ" ಎಂದರು. ಆಮೇಲೆ ದನಿ ಬದಲಾಯಿತು. "ನಾ ಮೊದಲ ಹೇಳಿದಾಗ ಕರಕೊಂಡ ಬಂದಿದ್ರ ಎಡಗಣ್ಣು ಇನ್ನಷ್ಟು ಉಳೀತಿತ್ತು."

"ಅಂದ್ರ ಅಂಚಿಲಿಂದ ಸುತ್ತಿ ಸುತ್ತಿ ನಡಕ ಬರತೈತಿ. ಕೌದಿ ಹೊಲದಂಗ. ಹೌದಿಲ್ರಿ?" ಎಂದಳು ಅಕ್ಕ.

ಡಾಕ್ಟರಬಾಯಿಗೆ ತಿಳಿಯಲಿಲ್ಲ. ನಾನು ಕೌದಿ ಹೊಲಿಯುವ ಬಗೆ ಬಿಡಿಸಿ ಹೇಳಿದೆ. ಅವರು, "ಹೌದ್ರಿ, ಥೇಟ ಹಂಗ. ಹನಿ ತಪ್ಪದ ಹಾಕ್ಕೊಂಡ್ರ ಹೊಲಿಗಿ ಇದ್ದಲ್ಲೇ ನಿಂದರಬಹುದು" ಎಂದರು.

ಅವ್ವನ ವಿಷಯ ಕೇಳದಿರಲಾಗಲಿಲ್ಲ. ಅವಳ ಕಣ್ಣು ಹೋದದ್ದು ಮೊದಲೋ, ಮರೆವು ಬಂದದ್ದು ಮೊದಲೋ, ಒಂದರಿಂದ ಇನ್ನೊಂದೋ? ಡಾಕ್ಟರಬಾಯಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಮನುಷ್ಯರು. "ಕಣ್ಣಿನ ನರ, ಮಿದುಳು, ಎಲ್ಲಾ ಒಂದ ಬಳ್ಳಿದು ನೋಡ್ರಿ. ಕೆಲವು ಮಂದ್ಯಾಗ ಕಾಚಬಿಂದು, ಮರವು ಎರಡೂ ಕಾಣಸ್ತಾವ. ಇದಕ್ಕ ಅದು ಕಾರಣೊ, ಸುಮ್ಮ ವಯಸ್ಸಿಂದೊ, ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ. ಬರೂದ ಐತಿ ಅಂತ ಅಂಜಬ್ಯಾಡ್ರಿ, ಬರೂದಿಲ್ಲ ಅಂತ ನಾ ಬರದೂ ಕೊಡೂದಿಲ್ಲ. ಒಂದ ಮಾತು ಖರೆ. ಕಾಣಲಾರದವರನ್ನ ಮೂಲ್ಯಾಗ ಕುಂದ್ರಿಸಿ, ಕೈಯಾಗಿನ ಕೆಲಸ ಕಸಗೊಂಡು, ಮಾತಾಡಸೂದು ಬಿಟ್ರ ಗಟ್ಟಿ ತಲೀನೂ ಮಂಕಾಗತೈತಿ."

ಕೈಯಲ್ಲಿನ ಕೆಲಸ ಕಸಿದುಕೊಂಡವನು ನಾನೇ. ತಲೆ ಕೆಳಗೆ ಹಾಕಿದೆ. ಅಕ್ಕ ತನ್ನ ಹೊಸ ಬಾಟಲಿಯನ್ನು ಕಣ್ಣಿನ ಮುಂದೆ ಹಿಡಿದು, ಅದರ ಹಳದಿ ಬೂಚನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ, "ಆ ಬಾಯಾರಿಗೆ ನಿನ್ನ ಹೆಸರು ಹೆಂಗ ಗೊತ್ತೋ?" ಎಂದು ಕೇಳಿದಳು. "ನಮ್ಮ ಗ್ಯಾರೇಜಿನ ಒಬ್ಬನ್ನ ಕರಕೊಂಡ ಬಂದಿದ್ನಿ" ಎಂದೆ. "ಹೌದೇನು" ಎಂದಳು, ಮತ್ತೆ ಕೇಳಲಿಲ್ಲ.

ಮನೆ ಹೊಕ್ಕಳಲ್ಲ ಅಕ್ಕ, ಚುನಾವಣೆ ಗೆದ್ದು ಬಂದವರೂ ಹಾಗೆ ಬರುವುದಿಲ್ಲ. ಹೊಸ್ತಿಲ ಮುಂದೆ ನಿಂತು, ತಲೆ ಬಗ್ಗಿಸಿ ಹೊಸ್ತಿಲನ್ನು ನೋಡಿ, ಎತ್ತಿ ಕಾಲಿಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಶೋಭಾ! ಮರಳು ಹಿಡದದ್ದು ನನಗಲ್ಲವಾ, ನನ್ನ ಕಣ್ಣಿಗೆ! ತಲಿ ಗಟ್ಟಿ ಐತಿ ಅಂತ ಡಾಕ್ಟರಬಾಯಿ ಹೇಳ್ಯಾಳ. ಬೇಕಾರ ಕೇಳು: ಕೊಡ, ಗುಲಾಬಿ, ಎತ್ತು!"

ಶೋಭಾ ದಿನ ತುಂಬಿದ ಹೊಟ್ಟೆ ಹೊತ್ತುಕೊಂಡೇ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಮರುದಿನದಿಂದ ಆ ಮನೆಯಲ್ಲಿ ಪಲ್ಲೆ ತಾಟಿನ ನಡುವಿಗೆ ಬಂತು, ನೀರಿನ ಕೊಡ ದಾರಿ ಬಿಟ್ಟಿತು. ಪಾರೂಬಾಯಿ ಮಾತಾಡಿಸಬೇಕಾದರೆ ಎದುರಿಗೇ ಬಂದು ನಿಲ್ಲತೊಡಗಿದಳು. ಸೂಜಿಯ ಹೆದರಿಕೆಗೆ ಶೋಭಾಳೇ ಉಪಾಯ ತೆಗೆದಳು: ಸೂಜಿಗೆ ಕೆಂಪು ನೂಲಿನ ಉದ್ದನೆಯ ಬಾಲ ಕಟ್ಟಿ, ಬಾಲದ ತುದಿಯನ್ನು ಅಕ್ಕನ ಬಳೆಗೆ ಗಂಟುಹಾಕಿದಳು. "ಎಮ್ಮಿಗೆ ಕಟ್ಟಿದಂಗ ಕಟ್ಟೀಯಲ್ಲ" ಎಂದಳು ಅಕ್ಕ. "ಎಮ್ಮಿ ಹಿಂಗ ಕೌದಿ ಹೊಲದ್ರ ನಾನೂ ನಾಕು ಸಾಕತಿದ್ನಿ" ಎಂದಳು ಶೋಭಾ. ಕೌದಿಯ ಎಡ ಅಂಚನ್ನು ಅಕ್ಕ ಕೌದಿಯನ್ನೇ ತಿರುಗಿಸಿಟ್ಟುಕೊಂಡು ಮುಗಿಸಿದಳು. ತಾನು ತಿರುಗಲಾರದಿದ್ದರೆ ಕೌದಿ ತಿರುಗಲಿ ಎಂದು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಪಡಸಾಲೆ ತುಂಬ ಹೆಂಗಸರು. ತೊಟ್ಟಿಲ ಆಚೆ ಒಬ್ಬಳು, ಈಚೆ ಒಬ್ಬಳು ಕೂತು ಕೂಸನ್ನು ತೊಟ್ಟಿಲ ಕೆಳಗಿನಿಂದ ಕೊಟ್ಟು ತೆಗೆದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಆಚೆ ಪಾರೂಬಾಯಿ ಕೂತಳು. ಈಚೆ ಯಾರು? ಅರಳುಮರಳಿನ ಸುದ್ದಿ ಊರು ತುಂಬ ಓಡಿತ್ತು, ಅದು ಸುಳ್ಳೆಂಬ ಸುದ್ದಿ ಇನ್ನೂ ಕಾಲೆಳೆಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಹಾಂತೇಶ ಶೋಭಾಳ ಮುಖ ನೋಡಿದ. ಶೋಭಾ ಯಾರನ್ನೂ ಕೇಳಲಿಲ್ಲ.

"ಅತ್ತಿ, ನೀವು ಕುಂದರ್ರಿ."

ಅಕ್ಕ ಸೆರಗು ಸರಿ ಮಾಡಿಕೊಂಡು ಕೂತಳು. ಪಾರೂಬಾಯಿ ಕೂಸನ್ನು ಎತ್ತಿಕೊಂಡು ಅಳುಕಿದಳು. "ನೀಲಾಬಾಯಿ, ನೀಟ ಧರಾ ಹಂ" ಎಂದಳು ತನ್ನ ಮರಾಠಿಯಲ್ಲಿ, ಸರಿಯಾಗಿ ಹಿಡಿ ಎಂದು.

"ಪಾರೂಬಾಯಿ, ನಡಕ ಕೊಡು. ನನ್ನ ಕಣ್ಣು ನಡಕ ಐತಿ. ನಡಕ ಕೊಟ್ರ ಹುಲಿ ಮರಿ ಕೊಟ್ರೂ ಹಿಡೀತೇನಿ" ಎಂದಳು ಅಕ್ಕ. ಮುಖ ಬಗ್ಗಿಸಿ, ಎರಡೂ ಕೈ ಚಾಚಿದಳು. ಕೂಸು ತೊಟ್ಟಿಲ ಕೆಳಗಿನಿಂದ ಬಂತು. ಅಕ್ಕನ ಅಂಗೈ ಅದರ ತಲೆಯ ಕೆಳಗೆ ಹೋಗಿ ನಿಂತದ್ದನ್ನು ನೋಡಬೇಕಿತ್ತು ನೀವು! ಕೊಟ್ಟರು, ತೆಗೆದುಕೊಂಡರು, ಮತ್ತೆ ಕೊಟ್ಟರು. ಹೆಂಗಸರು ಹೋ ಎಂದು ನಕ್ಕು ಕೂಗಿದರು. ಕೊನೆಗೆ ಅಕ್ಕ ಕೂಸನ್ನು ತಾನು ಹೊಲಿದ ಕೌದಿಯ ಮೇಲೆ ಮಲಗಿಸಿದಳು. ಆ ಎಡ ಅಂಚಿನಲ್ಲಿ ಬೇಕೆಂದೇ ಕೆಂಪು ನೂಲಿನ ಜೋಡು ಹೊಲಿಗೆ ಹಾಕಿದ್ದಳು, ನೋಡಲಿ ಎಲ್ಲರೂ ಎಂದು. ಮಹಾಂತೇಶ ಬಂದು ಅವ್ವನ ಕಾಲು ಮುಟ್ಟಿದ. ನಾನು ಹಿಂದೆ ನಿಂತು ಅತ್ತೆ, ನಕ್ಕೆ, ಸಕ್ಕರೆ ಹಂಚಿದೆ.

ಅದಾಗಿ ಕೆಲವು ತಿಂಗಳಿಗೆ ಅಕ್ಕ ಹೇಳಿಕಳಿಸಿದಳು. ಹೋದೆ. ಮಡಚಿಟ್ಟ ಹೊಸ ಕೌದಿಯನ್ನು ನನ್ನ ಮುಂದೆ ಇಟ್ಟಳು. ನಡುವೆ ಅವ್ವನ ಇಳಕಲ್ ಸೀರೆಯ ಸೆರಗು, ಸುತ್ತಲೂ ನನ್ನ ಹಳೆಯ ಬಣ್ಣ ಮೆತ್ತಿದ ಅಂಗಿಗಳ ತುಂಡು. ಇವಳಿಗೆ ಅವು ಎಲ್ಲಿ ಸಿಕ್ಕವೋ, ಶಾಂತಾ ಕೊಟ್ಟಿರಬೇಕು. ಅಷ್ಟು ದಿನ ಹೊತ್ತುಕೊಂಡದ್ದು ಅಂದು ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕಾ, ನಾ ನಿನಗ ಒಂದ ಮಾತು ಹೇಳೂದೈತಿ."

"ಹೇಳಬ್ಯಾಡ. ಮೊದಲ ಮೂಲಿ ಮುಟ್ಟಿ ನೋಡು."

ಮುಟ್ಟಿದೆ. ಕೌದಿಯ ಹೊಟ್ಟೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ಹತ್ತಿತು. ರೊಟ್ಟಿ ಚೂರಲ್ಲ, ಜೋಳವಲ್ಲ. ಸಣ್ಣದು, ಗುಂಡಗೆ, ಒಂದು ಬದಿ ಬಾಯಿ ತೆರೆದದ್ದು.

"ಬೂಚು" ಎಂದಳು ಅಕ್ಕ. "ನೀ ಡಬ್ಬಿ ಒಯ್ದಿ ನೋಡು, ಅವತ್ತು ಹಿತ್ತಲಾ ಉಡುಗಾಕ ಹ್ವಾದಾಗ ಕಾಲಿಗೆ ಚುಚ್ಚತು. ಹಳದಿ ಬೂಚು. ಏನಂತ ತಿಳೀಲಿಲ್ಲ, ಹಂಗ ಎತ್ತಿಟ್ಟಿದ್ನಿ. ಡಾಕ್ಟರಬಾಯಿ ನನಗ ಬಾಟಲಿ ಕೊಟ್ಟಾಗ ತಿಳೀತು. ನಿನಗೂ ಐತಿ, ನೀ ನನಗ ಹೇಳಲಿಲ್ಲ."

"ಅಕ್ಕಾ, ತಪ್ಪಾತು. ನಿನ್ನ ಎಡಗಣ್ಣು..."

"ಎಡಗಣ್ಣು ಹೋತು. ಹೋದದ್ದಕ್ಕ ಸಿಟ್ಟು ಬಂದಿತ್ತು, ಬಾಳ ಸಿಟ್ಟು ಬಂದಿತ್ತು. ಅದಕ್ಕ ಈ ಕೌದಿ ಇಷ್ಟು ದೊಡ್ಡದಾತು. ಸಿಟ್ಟಿಳಿಯೂ ತನಕ ಹೊಲದೇನಿ." ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಣ್ಣಿನ ನಡುವಿಗೆ ತಂದುಕೊಂಡಳು. "ಕೌದಿ ಹೊಟ್ಟಿ ಖಾಲಿ ಇಡಬಾರದು. ನಿನ್ನ ಬೂಚ ಇಟ್ಟೇನಿ. ಮಕ್ಕೊಂಡಾಗೊಮ್ಮಿ ಕಾಲಿಗೆ ಚುಚ್ಚಲಿ, ಎದ್ದು ಹನಿ ಹಾಕ್ಕೊ. ಈ ಮನ್ಯಾಗ ಒಂದ ಎಡಗಣ್ಣು ಹೋದದ್ದು ಸಾಕು."

ಅಂದಿನಿಂದ ಅದು ಚುಚ್ಚುತ್ತಿದೆ, ನಾನು ಏಳುತ್ತಿದ್ದೇನೆ. ಶಾಂತಾಳಿಗೆ ಖರೆ ಹೇಳಿದೆ, ಮಾಲೀಕರಿಗೂ ನಾನೇ ಹೇಳಿದೆ. ಅವರು ನನ್ನನ್ನು ಬಿಡಿಸಲಿಲ್ಲ. ಬಲಗಡೆಗೆ ನಿಂತು "ಇನ್ನೂ ಜಾಗಾ ಐತಿ ಕಲ್ಲಪ್ಪ" ಎಂದು ಕೂಗುವ ಕೆಲಸವನ್ನು ತಾವೇ ವಹಿಸಿಕೊಂಡರು. ನನ್ನ ಬಳ್ಳಿಗಳು ಈಗ ಎರಡೂ ತುದಿ ಮುಟ್ಟುತ್ತವೆ. ಡಾಕ್ಟರಬಾಯಿ ಹೋದ ಸಲ ನಮ್ಮಿಬ್ಬರನ್ನೂ ನೋಡಿ, ಹೊಲಿಗೆ ಇದ್ದಲ್ಲೇ ನಿಂತಿದೆ ಎಂದರು. ಅಕ್ಕ ಈಗಲೂ ವರ್ಷಕ್ಕೆರಡು ಕೌದಿ ಮುಗಿಸುತ್ತಾಳೆ. ಮೊಮ್ಮಗಳಿಗೆ ಮಾತು ಬಂದಿದೆ. ಯಾರಾದರೂ "ನಿಮ್ಮಜ್ಜಿ ತಲಿಯಾಗ ಏನೈತಿ?" ಎಂದು ಕೇಳಿದರೆ, "ಕೊಲಾ, ಗುಲಾಬಿ, ಎತ್ತು" ಎಂದು ತೊದಲುತ್ತದೆ.

ಬೀಗರು ಮುಂದಿನ ವಾರ ಮತ್ತೆ ಬರುವವರಿದ್ದಾರೆ. ಈ ಸಲವೂ ಕೌದಿ ಹಾಸಿಕೊಡುತ್ತೇನೆ. ಮೂಲೆ ಹಿಡಿದು ಇದೇನೆಂದು ಕೇಳಲಿ. ಚಹಾ ತರಿಸುವುದಿಲ್ಲ, ಮಾತು ಬದಲಿಸುವುದಿಲ್ಲ. ಅವರ ಮುಖವನ್ನು ನೆಟ್ಟಗೆ ನೋಡಿ, ಎಲ್ಲಿಂದ ಶುರುಮಾಡಬೇಕೋ ಅಲ್ಲಿಂದಲೇ ಶುರುಮಾಡುತ್ತೇನೆ:

"ನನಗೊಬ್ಬಾಕಿ ಅಕ್ಕ ಅದಾಳ್ರಿ."